ನಡೆದರೆ ಕಾಲುನೋವು, ನಿಂತರೆ ಮಾಯ: ರಕ್ತದ ಹರಿವು ತಗ್ಗಿದಾಗ ದೇಹದೊಳಗೆ ಆಗುವುದೇನು?

ಪ್ರಶ್ನೆ: ನನ್ನ ತಂದೆಗೆ 64 ವರ್ಷ. ಬಹಳ ವರ್ಷಗಳಿಂದ ಮಧುಮೇಹವಿದೆ. ಸಿಗರೇಟನ್ನು ಕಡಿಮೆ ಮಾಡಿದ್ದಾರೆ, ಪೂರ್ತಿ ಬಿಟ್ಟಿಲ್ಲ. ಕೆಲವು ತಿಂಗಳಿಂದ ಸ್ವಲ್ಪ ದೂರ ನಡೆದರೆ ಸಾಕು, ಬಲಗಾಲಿನ ಮೀನಖಂಡ ಹಿಂಡಿದಂತೆ ನೋಯುತ್ತದೆ. ಎರಡು ನಿಮಿಷ ನಿಂತರೆ ನೋವು ಹೋಗುತ್ತದೆ. ಕಾಲಿಗೆ ರಕ್ತದ ಹರಿವು ಕಡಿಮೆಯಾಗಿದೆ ಎಂದು ಹೇಳಿ ವೈದ್ಯರು ಮಾತ್ರೆ ಬರೆದುಕೊಟ್ಟಿದ್ದಾರೆ. ಮಾತ್ರೆ ತೆಗೆದುಕೊಂಡರೂ ನೋವು ನಿಂತಿಲ್ಲ. ನೋವಿಗೆ ಹೆದರಿ ತಂದೆ ನಡೆಯುವುದನ್ನೇ ಬಿಟ್ಟಿದ್ದಾರೆ. ಪಾದ ತಣ್ಣಗಿರುತ್ತದೆಂದು ರಾತ್ರಿ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗುತ್ತಾರೆ. ರಕ್ತ ಕಡಿಮೆ ಹೋದರೆ ಅಂಗಕ್ಕೆ ನಿಜವಾಗಿ ಏನಾಗುತ್ತದೆ? ಇದು ಕಾಲಿನ ಕಾಯಿಲೆ ಮಾತ್ರವೇ, ಹೃದಯಾಘಾತ ಮತ್ತು ಪಾರ್ಶ್ವವಾಯುವಿಗೂ ಇದಕ್ಕೂ ಸಂಬಂಧವಿದೆಯೇ? ಕಾಲು ಕತ್ತರಿಸಬೇಕಾದೀತೆಂಬ ಭಯ ಅವರನ್ನು ಹಗಲಿರುಳು ಕಾಡುತ್ತಿದೆ.

ಉತ್ತರ: ಮೊದಲು ಆ ಬಿಸಿನೀರಿನ ಚೀಲವನ್ನು ಈ ರಾತ್ರಿಯಿಂದಲೇ ಎತ್ತಿಡಿ. ಉಳಿದದ್ದನ್ನು ನಿಧಾನವಾಗಿ ಓದಬಹುದು, ಇದನ್ನು ಮಾತ್ರ ನಾಳೆಗೆ ಬಿಡಬೇಡಿ. ದೀರ್ಘಕಾಲದ ಮಧುಮೇಹದಲ್ಲಿ ಪಾದದ ನರಗಳು ಮಂದವಾಗಿರುತ್ತವೆ. ಚರ್ಮ ಸುಡುತ್ತಿದ್ದರೂ ನಿದ್ದೆಯಲ್ಲಿರುವವರಿಗೆ ಗೊತ್ತಾಗುವುದಿಲ್ಲ. ಬೆಳಗ್ಗೆ ನೋಡಿದರೆ ಬೊಬ್ಬೆ ಎದ್ದಿರುತ್ತದೆ. ರಕ್ತ ಚೆನ್ನಾಗಿ ಹರಿಯುವ ಕಾಲಿನಲ್ಲಿ ಅಂಥ ಬೊಬ್ಬೆ ಕೆಲವು ದಿನಗಳಲ್ಲಿ ಒಣಗುತ್ತದೆ. ಹರಿವು ತಗ್ಗಿದ ಕಾಲಿನಲ್ಲಿ ಅದೇ ಬೊಬ್ಬೆ ತಿಂಗಳುಗಟ್ಟಲೆ ಮಾಯದ ಹುಣ್ಣಾಗಬಹುದು. ಇನ್ನೊಂದು ಕಾರಣವೂ ಇದೆ. ಶಾಖ ತಗುಲಿದ ಅಂಗಾಂಶ ಹೆಚ್ಚು ಆಮ್ಲಜನಕ ಬೇಡುತ್ತದೆ, ಅದನ್ನು ಒದಗಿಸುವ ಶಕ್ತಿ ಕಿರಿದಾದ ರಕ್ತನಾಳಕ್ಕೆ ಇಲ್ಲ. ಪಾದ ಬೆಚ್ಚಗಿರಲು ಸಡಿಲವಾದ ಕಾಲುಚೀಲ ಸಾಕು.

ಎರಡನೆಯ ಮಾತು, ನಿಮ್ಮ ತಂದೆ ಮತ್ತೆ ನಡೆಯಬೇಕು. ನೋವು ಬಂದರೂ ನಡೆಯಬೇಕು. ಇದು ಕಠಿಣ ಸಲಹೆಯಂತೆ ಕೇಳಿಸುತ್ತದೆಂದು ನನಗೆ ಗೊತ್ತು. ಅದಕ್ಕೆ ಕಾರಣ ತಿಳಿಯಬೇಕಾದರೆ ಕಾಲಿನೊಳಗೆ ಏನು ನಡೆಯುತ್ತಿದೆ ಎಂಬುದನ್ನು ಮೊದಲು ನೋಡಬೇಕು.

ರಕ್ತದ ಕೆಲಸ ಆಮ್ಲಜನಕ ತಲುಪಿಸುವುದಷ್ಟೇ ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಅದು ಗ್ಲೂಕೋಸನ್ನೂ ಇತರ ಪೋಷಕಾಂಶಗಳನ್ನೂ ತರುತ್ತದೆ, ಜೀವಕೋಶಗಳು ಹೊರಹಾಕಿದ ಇಂಗಾಲದ ಡೈಆಕ್ಸೈಡ್ ಮತ್ತು ಆಮ್ಲಗಳನ್ನು ಕೊಂಡೊಯ್ಯುತ್ತದೆ. ಆದ್ದರಿಂದ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುವುದಕ್ಕಿಂತ ರಕ್ತವೇ ಕಡಿಮೆಯಾಗುವುದು ಹೆಚ್ಚು ಕೆಟ್ಟದ್ದು. ಮೊದಲನೆಯದರಲ್ಲಿ ಪೂರೈಕೆಯ ಒಂದು ಭಾಗ ಮಾತ್ರ ಕುಂಠಿತವಾಗುತ್ತದೆ. ಎರಡನೆಯದರಲ್ಲಿ ಬರಬೇಕಾದ ಎಲ್ಲವೂ ನಿಲ್ಲುತ್ತದೆ, ಹೋಗಬೇಕಾದದ್ದೂ ಅಲ್ಲೇ ಉಳಿಯುತ್ತದೆ. ಈ ಸ್ಥಿತಿಯನ್ನು ವೈದ್ಯರು ಇಸ್ಕೀಮಿಯಾ ಎನ್ನುತ್ತಾರೆ. ವರದಿಗಳಲ್ಲಿ ಈ ಪದ ನಿಮ್ಮ ಕಣ್ಣಿಗೆ ಬಿದ್ದರೆ ಗಾಬರಿಪಡಬೇಡಿ. ಅಂಗಾಂಶ ಸತ್ತಿದೆ ಎಂದು ಅದರ ಅರ್ಥವಲ್ಲ. ಅದಕ್ಕೆ ಬೇಕಾದಷ್ಟು ರಕ್ತ ಸಿಗುತ್ತಿಲ್ಲ ಎಂದು ಮಾತ್ರ.

ಬೇಕಾದಷ್ಟು ಎಂದರೆ ಎಷ್ಟು? ಎಲ್ಲ ಸಂಗತಿಯೂ ಇಲ್ಲಿಯೇ ಇದೆ. ವಿಶ್ರಾಂತಿಯಲ್ಲಿರುವ 100 ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಸುಮಾರು 3ರಿಂದ 4 ಮಿಲಿಲೀಟರ್ ರಕ್ತ ಸಾಕು. ಅದೇ ಸ್ನಾಯು ದುಡಿಯತೊಡಗಿದಾಗ ಅದಕ್ಕೆ ಹತ್ತು, ಇಪ್ಪತ್ತು ಪಟ್ಟು ಬೇಕಾಗುತ್ತದೆ. ಹೃದಯದಿಂದ ರಕ್ತ ತರುವ ನಾಳ, ಅಂದರೆ ಅಪಧಮನಿ, ಆರೋಗ್ಯವಾಗಿದ್ದರೆ ಹಿಗ್ಗಿ ಅಷ್ಟನ್ನೂ ಒದಗಿಸುತ್ತದೆ. ಒಳಗೋಡೆಯಲ್ಲಿ ಕೊಬ್ಬು ಮತ್ತು ಸುಣ್ಣ ಜಮೆಯಾಗಿ ಗಡುಸಾದ, ಕಿರಿದಾದ ಅಪಧಮನಿಗೆ ಅದು ಸಾಧ್ಯವಿಲ್ಲ. ಕುಳಿತಿರುವ ಕಾಲಿಗೆ ಸಾಕಾಗುವಷ್ಟು ರಕ್ತ ಅದರಲ್ಲಿ ಹರಿಯುತ್ತದೆ, ನಡೆಯುವ ಕಾಲಿಗೆ ಸಾಕಾಗುವುದಿಲ್ಲ. ನಿಮ್ಮ ತಂದೆಗೆ ಹೆಚ್ಚುಕಡಿಮೆ ಪ್ರತಿದಿನವೂ ಅಷ್ಟೇ ದೂರ ನಡೆದಾಗ ನೋವು ಶುರುವಾಗುತ್ತಿತ್ತು ಎಂದಾದರೆ ಅದಕ್ಕೆ ಇದೇ ಕಾರಣ. ಏರುದಾರಿಯಲ್ಲಿ ಆ ದೂರ ಇನ್ನೂ ಕಡಿಮೆಯಾಗುತ್ತದೆ.

ಕೊಳವೆಯೊಂದರಲ್ಲಿ ಹರಿಯುವ ದ್ರವದ ಪ್ರಮಾಣ ಅದರ ತ್ರಿಜ್ಯದ ನಾಲ್ಕನೆಯ ಘಾತವನ್ನು ಅವಲಂಬಿಸಿದೆ. ಒತ್ತಡ ಅಷ್ಟೇ ಇದ್ದು, ಕೊಳವೆಯ ಉದ್ದಕ್ಕೂ ತ್ರಿಜ್ಯ ಅರ್ಧಕ್ಕೆ ಇಳಿದರೆ ಹರಿವು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾದರೆ ರಕ್ತನಾಳ ಅರ್ಧ ಕಿರಿದಾದಾಗಲೇ ಕಾಲು ಬಿದ್ದುಹೋಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ಹಾಗಾಗುವುದಿಲ್ಲ. ಅಡಚಣೆ ಇರುವುದು ಸಾಮಾನ್ಯವಾಗಿ ಸಣ್ಣ ಉದ್ದದಲ್ಲಿ. ಅದರಾಚೆಗಿನ ಕಿರುನಾಳಗಳು ಹಿಗ್ಗಿ ರಕ್ತವನ್ನು ಎಳೆದುಕೊಳ್ಳುತ್ತವೆ. ವರ್ಷಗಟ್ಟಲೆ ನಿಧಾನವಾಗಿ ಬೆಳೆದ ಅಡಚಣೆಯಾದರೆ ಅಕ್ಕಪಕ್ಕದ ಸಣ್ಣ ನಾಳಗಳು ದಪ್ಪವಾಗಿ ಬಳಸುದಾರಿಯನ್ನೂ ನಿರ್ಮಿಸಿಕೊಳ್ಳುತ್ತವೆ. ದೇಹ ಹೀಗೆ ಸದ್ದಿಲ್ಲದೆ ಸರಿದೂಗಿಸುತ್ತಿರುತ್ತದೆ. ಆದ್ದರಿಂದಲೇ ಮೊದಲ ನೋವು ಕಾಣಿಸಿಕೊಳ್ಳುವ ಹೊತ್ತಿಗೆ ಕಾಯಿಲೆ ಹಳೆಯದಾಗಿರುತ್ತದೆ. ನಿಮ್ಮ ತಂದೆಯ ಕಾಯಿಲೆಯೂ ಕೆಲವು ತಿಂಗಳಿನದಲ್ಲ. ಕೆಲವು ತಿಂಗಳ ಹಿಂದೆ ಮುಗಿದದ್ದು ಅವರ ಕಾಲಿನಲ್ಲಿದ್ದ ಮೀಸಲು.

ನಿಂತರೆ ಎರಡು ನಿಮಿಷದಲ್ಲಿ ನೋವು ಹೋಗುತ್ತದೆ ಎಂದು ಬರೆದಿದ್ದೀರಿ. ಇದು ಬಹಳ ಮುಖ್ಯವಾದ ವಿವರ. ಬೆನ್ನುಮೂಳೆಯ ನಾಳ ಕಿರಿದಾಗಿ ನರಗಳು ಒತ್ತಿಕೊಂಡಾಗಲೂ ನಡೆದರೆ ಕಾಲು ನೋಯುತ್ತದೆ, ಆದರೆ ಅಂಥವರಿಗೆ ಸುಮ್ಮನೆ ನಿಂತರೆ ನೋವು ಹೋಗುವುದಿಲ್ಲ. ಕುಳಿತುಕೊಳ್ಳಬೇಕು ಅಥವಾ ಮುಂದಕ್ಕೆ ಬಾಗಬೇಕು. ಮಂಡಿ ಸವೆತದ ನೋವು ಮೊದಲ ಹೆಜ್ಜೆಯಿಂದಲೇ ಇರುತ್ತದೆ. ನಿಂತಲ್ಲೇ ಕರಗುವ ಮೀನಖಂಡದ ನೋವು ಹೆಚ್ಚಾಗಿ ರಕ್ತದ ಕೊರತೆಯದೇ. ಇನ್ನು ಕಾಲು ಮಡಚಿ ಬಹಳ ಹೊತ್ತು ಕುಳಿತಾಗ ಜೋಮು ಹಿಡಿಯುತ್ತದಲ್ಲ, ಅದನ್ನು ಹಲವರು ರಕ್ತ ಕಟ್ಟಿದ್ದೆಂದು ತಿಳಿಯುತ್ತಾರೆ. ಅಲ್ಲಿ ಮುಖ್ಯವಾಗಿ ಒತ್ತಿಕೊಂಡಿರುವುದು ನರ. ಅದಕ್ಕೂ ಈ ಕಾಯಿಲೆಗೂ ಸಂಬಂಧವಿಲ್ಲ.

ಈಗ ಜೀವಕೋಶದ ಒಳಗೆ ಇಳಿಯೋಣ. ಪ್ರತಿಯೊಂದು ಕೋಶವೂ ತನ್ನೊಳಗಿನ ಸೋಡಿಯಂ ಅನ್ನು ಸದಾ ಹೊರಗೆ ತಳ್ಳುತ್ತಾ, ಪೊಟ್ಯಾಸಿಯಂ ಅನ್ನು ಒಳಗೆ ಸೆಳೆದುಕೊಳ್ಳುತ್ತಾ ಇರಬೇಕು. ಈ ಕೆಲಸಕ್ಕೆ ಎಟಿಪಿ ಎಂಬ ಶಕ್ತಿವಾಹಕ ಬೇಕು. ಆಮ್ಲಜನಕ ಇದ್ದಾಗ ಕೋಶದೊಳಗಿನ ಶಕ್ತಿ ಘಟಕಗಳಾದ ಮೈಟೊಕಾಂಡ್ರಿಯಗಳು ಅದನ್ನು ಧಾರಾಳವಾಗಿ ತಯಾರಿಸುತ್ತವೆ. ಆಮ್ಲಜನಕ ನಿಂತರೆ ಗ್ಲೂಕೋಸನ್ನು ಅರ್ಧಂಬರ್ಧ ಒಡೆದು ಅಲ್ಪಸ್ವಲ್ಪ ಮಾತ್ರ ಸಿಗುತ್ತದೆ, ಜೊತೆಗೆ ಲ್ಯಾಕ್ಟಿಕ್ ಆಮ್ಲ ಶೇಖರವಾಗುತ್ತದೆ. ಎಟಿಪಿ ಕುಸಿದಂತೆ ಸೋಡಿಯಂ ಒಳಗೇ ಉಳಿಯುತ್ತದೆ, ಅದರ ಹಿಂದೆ ನೀರು ನುಗ್ಗುತ್ತದೆ, ಕೋಶ ಊದಿಕೊಳ್ಳುತ್ತದೆ. ಇಲ್ಲಿಯವರೆಗೆ ರಕ್ತ ಮರಳಿದರೆ ಎಲ್ಲವೂ ಸರಿಹೋಗುತ್ತದೆ. ನಿಮ್ಮ ತಂದೆಯ ಸ್ನಾಯು ಪ್ರತಿ ನಡಿಗೆಯಲ್ಲೂ ಈ ದಾರಿಯಲ್ಲಿ ಒಂದೆರಡು ಹೆಜ್ಜೆ ಇಟ್ಟು, ನಿಂತ ಕೂಡಲೇ ಹಿಂದಿರುಗುತ್ತದೆ. ಸ್ನಾಯುವಿಗೆ ಹಾನಿ ಆಗುವ ಎಷ್ಟೋ ಮೊದಲೇ ನೋವು ಅವರನ್ನು ನಿಲ್ಲಿಸುತ್ತದೆ.

ರಕ್ತ ಮರಳದೆ ಹೋದರೆ ಮುಂದಿನ ಹಂತ. ಕ್ಯಾಲ್ಸಿಯಂ ಕೋಶದೊಳಗೆ ಹರಿದುಬಂದು, ಕೋಶವನ್ನು ಒಳಗಿನಿಂದಲೇ ಜೀರ್ಣಿಸಿಬಿಡುವ ಕಿಣ್ವಗಳನ್ನು ಎಬ್ಬಿಸುತ್ತದೆ. ಹೊರಪೊರೆ ಹರಿಯುತ್ತದೆ. ಒಳಗಿದ್ದ ಪ್ರೋಟೀನುಗಳು ರಕ್ತಕ್ಕೆ ಸೋರುತ್ತವೆ. ಹೃದಯಾಘಾತದ ಅನುಮಾನ ಬಂದಾಗ ಮಾಡುವ ಟ್ರೋಪೋನಿನ್ ರಕ್ತಪರೀಕ್ಷೆ ಹುಡುಕುವುದು ಹಾಗೆ ಸೋರಿದ ಹೃದಯಸ್ನಾಯುವಿನ ಪ್ರೋಟೀನನ್ನೇ. ಈ ಗೆರೆ ದಾಟಿದ ಕೋಶವನ್ನು ಯಾವ ಔಷಧವೂ ಹಿಂದಕ್ಕೆ ತರಲಾರದು.

ಆ ಗೆರೆ ಎಷ್ಟು ದೂರದಲ್ಲಿದೆ ಎಂಬುದು ಅಂಗದಿಂದ ಅಂಗಕ್ಕೆ ಬೇರೆ. ಮಿದುಳಿನ ತೂಕ ದೇಹದ ನೂರರಲ್ಲಿ ಎರಡು ಪಾಲು ಮಾತ್ರ, ಆದರೆ ವಿಶ್ರಾಂತಿಯಲ್ಲಿ ದೇಹ ಬಳಸುವ ಆಮ್ಲಜನಕದ ಐದನೆಯ ಒಂದು ಪಾಲು ಅದಕ್ಕೇ ಬೇಕು. ಇಷ್ಟು ಖರ್ಚಿದ್ದೂ ಅದರ ಬಳಿ ಉಳಿತಾಯವಿಲ್ಲ. ಮಿದುಳಿಗೆ ರಕ್ತ ಪೂರ್ತಿ ನಿಂತರೆ ಸುಮಾರು 10 ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ, ನಾಲ್ಕೈದು ನಿಮಿಷಗಳಲ್ಲಿ ಸರಿಪಡಿಸಲಾಗದ ಹಾನಿ ಶುರುವಾಗುತ್ತದೆ. ಹೃದಯದ ಸ್ನಾಯು 20 ನಿಮಿಷದಿಂದ ಅರ್ಧ ಗಂಟೆಯವರೆಗೆ ತಾಳುತ್ತದೆ. ಆಮೇಲೆ ಸಾವು ಒಳಪದರದಿಂದ ಹೊರಪದರದ ಕಡೆಗೆ ಗಂಟೆಗಳ ಕಾಲ ಹರಡುತ್ತದೆ. ಕೈಕಾಲುಗಳ ಸ್ನಾಯು ನಾಲ್ಕರಿಂದ ಆರು ಗಂಟೆ ತಡೆದುಕೊಳ್ಳುತ್ತದೆ. ಚರ್ಮ ಇನ್ನೂ ಗಟ್ಟಿ. ಸ್ನಾಯು ಸತ್ತ ಮೇಲೂ ಚರ್ಮ ಜೀವಂತವಾಗಿ ಕಾಣಬಹುದು, ಆದ್ದರಿಂದ ಕಾಲಿನ ಬಣ್ಣ ಇನ್ನೂ ಕಪ್ಪಾಗಿಲ್ಲವೆಂದು ಕಾಯುವುದು ಅಪಾಯಕರ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ನನ್ನ ಮಟ್ಟಿಗೆ ಇದೇ ಮೊದಲನೆಯದಾಗಬೇಕಿತ್ತು. ಇದು ಕಾಲಿನ ಕಾಯಿಲೆ ಮಾತ್ರವೇ? ಖಂಡಿತ ಅಲ್ಲ. ಅಪಧಮನಿಗಳ ಒಳಗೋಡೆ ಕೆಡುವುದು ದೇಹದಾದ್ಯಂತ. ಕಾಲಿನಲ್ಲಿ ಅದು ನೋವಾಗಿ ಕಾಣಿಸಿಕೊಂಡಿದೆ ಅಷ್ಟೇ. ಮಧುಮೇಹ, ಸಿಗರೇಟು, ಹೆಚ್ಚಿದ ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ಕಾಲಿನ ನಾಳವನ್ನು ಕೆಡಿಸಿ ಹೃದಯದ ನಾಳವನ್ನು ಹಾಗೇ ಬಿಡುವುದಿಲ್ಲ. ನಡೆದಾಗ ಕಾಲು ನೋಯುವವರನ್ನು ಐದು ವರ್ಷ ಗಮನಿಸಿದಾಗ ಕಂಡಿರುವುದು ಹೀಗೆ: ಹೆಚ್ಚಿನವರ ಕಾಲಿನ ಸ್ಥಿತಿ ಇದ್ದಂತೆಯೇ ಇರುತ್ತದೆ, ಕಾಲಿಗೇ ಕುತ್ತು ಬರುವ ಹಂತ ತಲುಪುವವರು 100ರಲ್ಲಿ ಬೆರಳೆಣಿಕೆಯಷ್ಟು ಮಂದಿ. ಆದರೆ ಸುಮಾರು 20 ಮಂದಿಗೆ ಹೃದಯಾಘಾತವೋ ಪಾರ್ಶ್ವವಾಯುವೋ ಬಂದು ಹೋಗಿರುತ್ತದೆ, 15ರಿಂದ 30 ಮಂದಿ ಬದುಕಿರುವುದಿಲ್ಲ, ಆ ಸಾವುಗಳಲ್ಲಿ ಹೆಚ್ಚಿನವು ಹೃದಯ ಮತ್ತು ರಕ್ತನಾಳಗಳಿಂದಲೇ. ಮಧುಮೇಹ ಇದ್ದವರಲ್ಲಿ, ತಂಬಾಕು ಮುಂದುವರಿಸಿದವರಲ್ಲಿ ಕಾಲಿನ ಅಪಾಯವೂ ಸರಾಸರಿಗಿಂತ ಹೆಚ್ಚು. ಇದನ್ನು ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ನಿಮ್ಮ ತಂದೆಯ ಭಯ ಕಾಲಿನ ಮೇಲೆ ನೆಟ್ಟಿದೆ. ಎಚ್ಚರ ಎದೆಯ ಮೇಲೂ ಇರಬೇಕು.

ಹೃದಯದ ಪರಿಸ್ಥಿತಿ ಒಂದು ರೀತಿಯಲ್ಲಿ ಕಾಲಿಗಿಂತ ಬಿಗಿ. ಕಾಲಿನ ಸ್ನಾಯು ವಿಶ್ರಾಂತಿಯಲ್ಲಿದ್ದಾಗ ತನ್ನ ಮೂಲಕ ಹಾದುಹೋಗುವ ರಕ್ತದಿಂದ ಸ್ವಲ್ಪ ಭಾಗ ಆಮ್ಲಜನಕವನ್ನು ಮಾತ್ರ ತೆಗೆದುಕೊಳ್ಳುತ್ತದೆ, ಬೇಕೆಂದಾಗ ಹೆಚ್ಚು ಹೀರಿಕೊಳ್ಳಲು ಅವಕಾಶವಿರುತ್ತದೆ. ಹೃದಯ ಸುಮ್ಮನಿರುವಾಗಲೇ ನೂರಕ್ಕೆ 70ರಷ್ಟು ಹೀರಿಕೊಂಡಿರುತ್ತದೆ. ಹೆಚ್ಚು ಬೇಕಾದರೆ ಹೆಚ್ಚು ರಕ್ತವೇ ಬರಬೇಕು, ಬೇರೆ ದಾರಿಯಿಲ್ಲ. ಸಾಲದೆಂಬಂತೆ ದೇಹಕ್ಕೆಲ್ಲ ರಕ್ತ ತಳ್ಳುವ ಕೋಣೆಯಾದ ಎಡ ಹೃತ್ಕುಕ್ಷಿಯ ಸ್ನಾಯುವಿಗೆ ರಕ್ತ ಹೆಚ್ಚಾಗಿ ಸಿಗುವುದು ಅದು ಸಡಿಲಗೊಳ್ಳುವ ಕ್ಷಣಗಳಲ್ಲಿ. ಬಡಿತ ವೇಗವಾದಷ್ಟೂ ಆ ಕ್ಷಣಗಳು ಕಿರಿದಾಗುತ್ತವೆ. ನಡೆಯುವಾಗ ಎದೆಯಲ್ಲಿ ಹಿಡಿದಂತಾಗಿ ನಿಂತಾಗ ಸಡಿಲವಾಗುವ ನೋವನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ 1772ರಲ್ಲಿ ಪ್ರಕಟಿಸಿದ ಬರಹದಲ್ಲಿ ವರ್ಣಿಸಿದ. ಮೀನಖಂಡದ ನೋವಿನ ನಡವಳಿಕೆಯೂ ಅದೇ. ಫ್ರಾನ್ಸಿನ ಜ್ಯಾನ್ ಮಾರ್ಟಿನ್ ಶಾರ್ಕೊ 1858ರಲ್ಲಿ ಮನುಷ್ಯರಲ್ಲಿ ಅದನ್ನು ರಕ್ತನಾಳದ ಅಡಚಣೆಗೆ ಜೋಡಿಸಿ ವಿವರಿಸಿದ.

ಆದರೆ ಮಧುಮೇಹಿಗಳ ಹೃದಯ ನೋವನ್ನು ಹೇಳಿಕೊಳ್ಳದೆಯೇ ಇರಬಹುದು. ನರಗಳು ಮಂದವಾಗುವುದು ಪಾದದಲ್ಲಿ ಮಾತ್ರವಲ್ಲ. ಕಾರಣವಿಲ್ಲದ ತಣ್ಣನೆಯ ಬೆವರು, ಹೊಸದಾಗಿ ಕಾಣಿಸಿಕೊಂಡ ಏದುಸಿರು, ವಾಕರಿಕೆ, ವಿಪರೀತ ಸುಸ್ತು, ದವಡೆಯಲ್ಲಿ ಅಥವಾ ತೋಳಿನಲ್ಲಿ ಭಾರ ಇವೇ ಅವರ ಹೃದಯಾಘಾತದ ಲಕ್ಷಣಗಳಾಗಬಹುದು. ಕಾಲುನೋವಿನಿಂದ ಓಡಾಟ ನಿಲ್ಲಿಸಿದವರಿಗೆ ಇನ್ನೊಂದು ಮೋಸವೂ ಆಗುತ್ತದೆ. ಹೃದಯಕ್ಕೆ ಕೆಲಸ ಕೊಡುವಷ್ಟು ಅವರು ನಡೆಯುವುದೇ ಇಲ್ಲವಾದ್ದರಿಂದ ಎದೆಯ ಎಚ್ಚರಿಕೆ ಹೊರಬರುವುದೇ ಇಲ್ಲ. ನಿಮ್ಮ ತಂದೆಗೆ ಇಸಿಜಿಯಾದರೂ ಆಗಿದೆಯೇ ಎಂದು ವಿಚಾರಿಸಿ.

ಈಗ ಮಾತ್ರೆಗಳ ವಿಷಯ. ಮಾತ್ರೆ ನುಂಗಿದರೂ ನೋವು ನಿಂತಿಲ್ಲ, ಆದ್ದರಿಂದ ಅವು ಕೆಲಸ ಮಾಡುತ್ತಿಲ್ಲ ಎಂದು ತೀರ್ಮಾನಿಸಿ ಬಿಟ್ಟುಬಿಡುವವರನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಅದು ನನಗೆ ನಿಜವಾದ ಸಂಕಟ. ಬರೆದುಕೊಟ್ಟಿರುವುದು ಬಹುಶಃ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್, ಜೊತೆಗೆ ಕೊಲೆಸ್ಟರಾಲ್ ಇಳಿಸುವ ಒಂದು ಸ್ಟ್ಯಾಟಿನ್. ಇವು ನೋವಿನ ಮಾತ್ರೆಗಳಲ್ಲ, ಕಟ್ಟಿಕೊಂಡ ಅಡಚಣೆಯನ್ನು ತೊಳೆದು ತೆಗೆಯುವ ಮಾತ್ರೆಗಳೂ ಅಲ್ಲ. ನಾಳದ ಒಳಗೋಡೆಯ ಕೊಬ್ಬಿನ ಗಂಟು ಒಡೆದಾಗ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುವುದೇ ಹೆಚ್ಚಿನ ಹೃದಯಾಘಾತಗಳಿಗೆ ಕಾರಣ. ಸ್ಟ್ಯಾಟಿನ್ ಆ ಗಂಟು ಒಡೆಯುವ ಸಂಭವವನ್ನು ತಗ್ಗಿಸುತ್ತದೆ, ಆಸ್ಪಿರಿನ್ ಹೆಪ್ಪು ಬೆಳೆಯುವುದನ್ನು ತಡೆಯುತ್ತದೆ. ಇವುಗಳ ಫಲ ಕಣ್ಣಿಗೆ ಕಾಣದು, ಏಕೆಂದರೆ ಫಲವೆಂದರೆ ಆಗದೇ ಉಳಿದ ಹೃದಯಾಘಾತ. ನಡೆಯುವ ದೂರ ಹೆಚ್ಚಿಸಲೆಂದೇ ಸಿಲೋಸ್ಟಜೋಲ್ ಎಂಬ ಬೇರೊಂದು ಔಷಧವಿದೆ. ಹೃದಯ ವೈಫಲ್ಯ ಇರುವವರಿಗೆ ಅದನ್ನು ಕೊಡುವಂತಿಲ್ಲ, ಆದ್ದರಿಂದ ಯಾರೋ ಪರಿಚಿತರಿಗೆ ಗುಣವಾಯಿತೆಂದು ಕೇಳಿ ಸ್ವಂತವಾಗಿ ಶುರುಮಾಡಬೇಡಿ.

ನೋವಿಗೆ ಇರುವ ಒಳ್ಳೆಯ ಮದ್ದು ನಡಿಗೆ. ಕ್ರಮ ಹೀಗೆ: ನೋವು ಶುರುವಾಗುವವರೆಗೆ ನಡೆಯುವುದು, ಅದು ಸಾಧಾರಣ ಜೋರಾಗುವವರೆಗೂ ಮುಂದುವರಿಸಿ ನಿಲ್ಲುವುದು, ಪೂರ್ತಿ ಇಳಿದ ಮೇಲೆ ಮತ್ತೆ ನಡೆಯುವುದು. ವಿಶ್ರಾಂತಿಯೂ ಸೇರಿದಂತೆ ಒಂದು ಸಲಕ್ಕೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ ಮೂರು ದಿನ, ಕನಿಷ್ಠ 12 ವಾರ. ಮೊದಲ ಕೆಲವು ವಾರ ಏನೂ ಬದಲಾಗದಂತೆ ತೋರುತ್ತದೆ, ಅಲ್ಲೇ ಹೆಚ್ಚಿನವರು ಕೈಬಿಡುತ್ತಾರೆ. ಬಿಡದೆ ಮುಂದುವರಿಸಿದವರಲ್ಲಿ ನೋವಿಲ್ಲದೆ ನಡೆಯುವ ದೂರ ಗಣನೀಯವಾಗಿ ಹೆಚ್ಚುತ್ತದೆ. ಸ್ನಾಯುಕೋಶಗಳು ಸಿಗುವ ಆಮ್ಲಜನಕವನ್ನೇ ಚೆನ್ನಾಗಿ ಬಳಸಲು ಕಲಿಯುತ್ತವೆ, ನಾಳಗಳ ಒಳಪದರ ಹಿಗ್ಗುವ ಗುಣವನ್ನು ಸ್ವಲ್ಪ ಮರಳಿ ಪಡೆಯುತ್ತದೆ. ಮೇಲೆ ಹೇಳಿದಂತೆ ಈ ನೋವು ಸ್ನಾಯುವನ್ನು ಕೊಲ್ಲುತ್ತಿಲ್ಲ. ಆದರೆ ಶುರುಮಾಡುವ ಮೊದಲು ಹೃದಯದ ತಪಾಸಣೆ ಆಗಿರಬೇಕು, ಪಾದದಲ್ಲಿ ಹುಣ್ಣು ಇರಬಾರದು, ಬೆರಳುಗಳನ್ನು ಒತ್ತದ ಬೂಟು ಇರಬೇಕು. ನಡೆಯುವಾಗ ಎದೆ ಬಿಗಿದರೆ ನಿಲ್ಲಿಸಿ, ವೈದ್ಯರನ್ನು ಕಾಣಲೇಬೇಕು.

ಸಿಗರೇಟಿನ ಬಗ್ಗೆ ಎರಡು ಸಂಗತಿ ತಂದೆಯವರಿಗೆ ಓದಿ ಹೇಳಿ. ನಿಕೋಟಿನ್ ಚರ್ಮ ಮತ್ತು ಪಾದದ ಕಿರುನಾಳಗಳನ್ನು ಕುಗ್ಗಿಸುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಅಂದರೆ ಕಷ್ಟಪಟ್ಟು ಕಾಲಿಗೆ ತಲುಪುವ ಅಷ್ಟಿಷ್ಟು ರಕ್ತವೂ ಅರೆಬರೆ ಆಮ್ಲಜನಕ ಹೊತ್ತುಕೊಂಡು ಬರುತ್ತದೆ. ಕಡಿಮೆ ಮಾಡಿದ್ದು ಒಳ್ಳೆಯದು, ಆದರೆ ಈ ಕಾಯಿಲೆಯಲ್ಲಿ ಕಡಿಮೆ ಸಾಲದು. ಬಿಡಲಾಗದಿದ್ದರೆ ಅದು ಮನೋಬಲದ ಕೊರತೆಯೆಂದು ಬೈಯಬೇಡಿ. ಚಟ ಬಿಡಿಸುವ ಔಷಧಗಳಿವೆ, ಕೇಳಿ ಪಡೆಯಿರಿ.

ಕಾಲು ಉಳಿಯುತ್ತದೆಯೇ ಎಂಬ ಭಯಕ್ಕೆ ಉತ್ತರ, ಯಾವ ಲಕ್ಷಣಕ್ಕೆ ಹೆದರಬೇಕು ಎಂದು ತಿಳಿದಿರುವುದು. ನಡೆದಾಗಿನ ನೋವು ಒಂದು ಹಂತ. ಮಲಗಿದಾಗ ಪಾದದ ಮುಂಭಾಗ ಮತ್ತು ಬೆರಳುಗಳು ಉರಿದು ನೋಯುವುದು, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಹಿತವೆನಿಸುವುದು ಅದರ ಮುಂದಿನ ಹಂತ; ಆಗ ವಿಶ್ರಾಂತಿಗೆ ಬೇಕಾದಷ್ಟೂ ರಕ್ತ ಬರುತ್ತಿಲ್ಲ ಎಂದರ್ಥ. ಎರಡು ವಾರಕ್ಕೆ ಮಾಯದ ಹುಣ್ಣು, ಬೆರಳ ತುದಿ ನೀಲಿ ಅಥವಾ ಕಪ್ಪಾಗುವುದು ಕೂಡ ಇದೇ ಸಾಲಿಗೆ ಸೇರಿದ್ದು. ಇವು ಕಂಡರೆ ಮುಂದಿನ ತಿಂಗಳ ಭೇಟಿಗೆ ಕಾಯಬೇಡಿ, ಕೆಲವೇ ದಿನಗಳೊಳಗೆ ರಕ್ತನಾಳ ತಜ್ಞರನ್ನು ಕಾಣಿರಿ. ಮಧುಮೇಹಿಗಳಿಗೆ ಈ ನೋವೂ ತಿಳಿಯದೇ ಹೋಗಬಹುದು, ಆದ್ದರಿಂದ ಪ್ರತಿದಿನ ಪಾದವನ್ನು ಕಣ್ಣಾರೆ ನೋಡಬೇಕು. ಬೆರಳ ಸಂದುಗಳನ್ನೂ ಹಿಮ್ಮಡಿಯನ್ನೂ ಮರೆಯಬಾರದು. ಅವರಿಗೆ ಬಾಗಲು ಕಷ್ಟವಾದರೆ ನೀವು ನೋಡಿ. ಬರಿಗಾಲಿನ ಓಡಾಟ ಮನೆಯೊಳಗೂ ಬೇಡ. ಪಾದದ ಆಣಿಯನ್ನು ಬ್ಲೇಡಿನಿಂದ ಕೆರೆಯಬಾರದು. ಕಾಲು ಊದಿದಾಗ ಹಾಕುವ ಬಿಗಿ ಕಾಲುಚೀಲಗಳನ್ನು ವೈದ್ಯರನ್ನು ಕೇಳದೆ ತೊಡಬಾರದು. ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಯ ಕಾಯಿಲೆಗೆ ಹಿತವಾದ ಆ ಬಿಗಿ, ಅಪಧಮನಿ ಕಿರಿದಾದ ಕಾಲಿಗೆ ಇನ್ನಷ್ಟು ರಕ್ತ ತಪ್ಪಿಸುತ್ತದೆ.

ಇದ್ದಕ್ಕಿದ್ದಂತೆ ಆಗುವುದು ಬೇರೆಯೇ ವಿಷಯ. ಹೃದಯದಲ್ಲಿ ಕಟ್ಟಿದ ಹೆಪ್ಪೊಂದು ಕಳಚಿ ಬಂದು, ಅಥವಾ ಕಿರಿದಾದ ಜಾಗದಲ್ಲೇ ಹೊಸ ಹೆಪ್ಪು ಕಟ್ಟಿ, ಕಾಲಿನ ನಾಳ ನಿಮಿಷಗಳಲ್ಲಿ ಮುಚ್ಚಿಕೊಳ್ಳಬಹುದು. ಕಾಲು ಹಠಾತ್ತಾಗಿ ತೀವ್ರವಾಗಿ ನೋಯುತ್ತದೆ, ಬಿಳಿಚಿಕೊಳ್ಳುತ್ತದೆ, ಇನ್ನೊಂದು ಕಾಲಿಗಿಂತ ತಣ್ಣಗಾಗುತ್ತದೆ, ಮರಗಟ್ಟುತ್ತದೆ, ಪಾದದ ನಾಡಿ ಸಿಗುವುದಿಲ್ಲ, ಕೊನೆಗೆ ಬೆರಳು ಅಲುಗಾಡಿಸಲು ಆಗುವುದಿಲ್ಲ. ಬಳಸುದಾರಿಗಳು ಬೆಳೆಯಲು ಸಮಯವೇ ಸಿಗದ ಕಾರಣ, ಅದುವರೆಗೆ ಆರೋಗ್ಯವಾಗಿದ್ದ ಕಾಲಿನಲ್ಲೇ ಇದು ಹೆಚ್ಚು ಭೀಕರ. ಆರು ಗಂಟೆಯೊಳಗೆ ರಕ್ತ ಮರಳಬೇಕು, ಅದಕ್ಕಿಂತ ಬೇಗ ಆದಷ್ಟೂ ಒಳ್ಳೆಯದು. ಉಜ್ಜುವುದು, ಶಾಖ ಕೊಡುವುದು, ಕಾಲನ್ನು ದಿಂಬಿನ ಮೇಲೆ ಎತ್ತಿಡುವುದು ಯಾವುದೂ ಬೇಡ. ರಕ್ತನಾಳದ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ನೇರವಾಗಿ ಹೊರಡಿ.

ಹಾಗೆ ರಕ್ತ ಮರಳಿದ ಮೇಲೂ ವೈದ್ಯರ ಆತಂಕ ಮುಗಿಯುವುದಿಲ್ಲ. ಗಂಟೆಗಳ ಕಾಲ ಬಳಲಿದ ಅಂಗಾಂಶಕ್ಕೆ ಆಮ್ಲಜನಕ ಒಮ್ಮೆಲೇ ನುಗ್ಗಿದಾಗ ಕೋಶಗಳನ್ನು ಘಾಸಿಗೊಳಿಸುವ ಮುಕ್ತ ರ‍್ಯಾಡಿಕಲ್‌ಗಳು ಹುಟ್ಟುತ್ತವೆ, ಸ್ನಾಯು ಊದಿ ತನ್ನ ಬಿಗಿಯಾದ ಹೊದಿಕೆಯೊಳಗೇ ಮತ್ತೆ ನಾಳಗಳನ್ನು ಹಿಸುಕುತ್ತದೆ. ಆಗ ಆ ಹೊದಿಕೆಯನ್ನು ಉದ್ದಕ್ಕೆ ಸೀಳಿ ಒತ್ತಡ ಇಳಿಸಬೇಕಾಗುತ್ತದೆ. ಇದೇ ವಿದ್ಯಮಾನದ ಇನ್ನೊಂದು ಮುಖ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. 1986ರಲ್ಲಿ ಅಮೆರಿಕದ ಸಂಶೋಧಕರು ನಾಯಿಗಳ ಹೃದಯದ ನಾಳವನ್ನು ಐದೈದು ನಿಮಿಷದಂತೆ ನಾಲ್ಕು ಬಾರಿ ಮುಚ್ಚಿ ತೆರೆದು, ಆಮೇಲೆ 40 ನಿಮಿಷ ಮುಚ್ಚಿದರು. ಮೊದಲೇ ಹೀಗೆ ಅಭ್ಯಾಸವಾಗಿದ್ದ ಹೃದಯಗಳಲ್ಲಿ ಸತ್ತ ಸ್ನಾಯುವಿನ ಪ್ರಮಾಣ ಉಳಿದವುಗಳ ನಾಲ್ಕನೆಯ ಒಂದು ಭಾಗದಷ್ಟೇ ಇತ್ತು. ಅದನ್ನು ರೋಗಿಗಳ ಹಾಸಿಗೆಯ ಬಳಿಗೆ ಚಿಕಿತ್ಸೆಯಾಗಿ ತರುವ ಪ್ರಯತ್ನಗಳು ನಿರೀಕ್ಷಿಸಿದಷ್ಟು ಫಲ ಕೊಟ್ಟಿಲ್ಲ. ಆದರೂ ಜೀವಕೋಶ ಕೊರತೆಯನ್ನು ಸುಮ್ಮನೆ ಅನುಭವಿಸುವುದಿಲ್ಲ, ಎದುರಿಸಲು ಕಲಿಯುತ್ತದೆ ಎಂಬುದನ್ನು ಆ ಪ್ರಯೋಗ ತೋರಿಸಿತು.

ಪಾರ್ಶ್ವವಾಯುವಿನಲ್ಲಿ ಗಡಿಯಾರ ಇನ್ನೂ ವೇಗ. ಮುಖದ ಒಂದು ಬದಿ ಜೋಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು ಕಂಡ ತಕ್ಷಣ ಸಮಯ ನೋಡಿಕೊಳ್ಳಿ. ದೊಡ್ಡ ನಾಳ ಮುಚ್ಚಿದಾಗ ಚಿಕಿತ್ಸೆಯಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಅಂದಾಜಿಸಲಾಯಿತು. ಆದರೆ ಸತ್ತ ಭಾಗದ ಸುತ್ತ, ಕೆಲಸ ನಿಲ್ಲಿಸಿಯೂ ಜೀವ ಹಿಡಿದುಕೊಂಡಿರುವ ಅಂಚೊಂದು ಇರುತ್ತದೆ. ಚಿಕಿತ್ಸೆಯೆಲ್ಲ ಅದನ್ನು ಉಳಿಸಲೆಂದೇ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕ್ಯಾತಿಟರ್ ಎಂಬ ಸಪೂರ ಕೊಳವೆಯನ್ನು ನಾಳದೊಳಗೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನವನ್ನು ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಮಾಡಬಹುದೆಂದು 2018ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ. ಕೆಲವು ಪಾರ್ಶ್ವವಾಯುಗಳಿಗೆ ಮಿದುಳಿನ ರಕ್ತಸ್ರಾವ ಕಾರಣ, ಸ್ಕ್ಯಾನ್ ಮಾಡದೆ ಅದು ತಿಳಿಯುವುದಿಲ್ಲ. ಲಕ್ಷಣ ಹತ್ತು ನಿಮಿಷದಲ್ಲಿ ತಾನಾಗಿ ಹೋದರೂ ಆಸ್ಪತ್ರೆಗೆ ಹೋಗಲೇಬೇಕು. ಅಂಥ ತಾತ್ಕಾಲಿಕ ಆಘಾತದ ಬೆನ್ನಿಗೇ ದೊಡ್ಡದು ಬರುವ ಅಪಾಯ ಮೊದಲ ಎರಡು ದಿನಗಳಲ್ಲಿ ಅತಿ ಹೆಚ್ಚು.

ಶಸ್ತ್ರಚಿಕಿತ್ಸೆಯ ಮಾತು ನಿಮ್ಮ ತಂದೆಯ ವಿಷಯದಲ್ಲಿ ಈಗಲೇ ಬೇಕಿಲ್ಲ. ನಡಿಗೆ, ಔಷಧ, ಸಿಗರೇಟು ಬಿಡುವುದು ಈ ಮೂರನ್ನೂ ಮನಸ್ಸಿಟ್ಟು ಮಾಡಿದ ಮೇಲೂ ಬದುಕು ಕುಂಟುತ್ತಿದ್ದರೆ, ಅಥವಾ ಮೇಲೆ ಹೇಳಿದ ಅಪಾಯದ ಲಕ್ಷಣ ಕಂಡರೆ, ಬಲೂನ್ ಮತ್ತು ಸ್ಟೆಂಟ್‌ನಿಂದ ನಾಳ ಹಿಗ್ಗಿಸುವುದು ಅಥವಾ ಬೈಪಾಸ್ ಮಾಡುವುದು ಸಾಧ್ಯ. ಕ್ಯಾತಿಟರ್ ಬಳಸಿ ನಾಳ ಹಿಗ್ಗಿಸುವ ವಿದ್ಯೆ ಹುಟ್ಟಿದ್ದೇ ಕಾಲಿನಲ್ಲಿ ಎಂಬುದನ್ನು ಅವರಿಗೆ ತಿಳಿಸಿ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಚಾರ್ಲ್ಸ್ ಡಾಟರ್ ಎಂಬ ವೈದ್ಯರು, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಮಹಿಳೆಯೊಬ್ಬರ ತೊಡೆಯ ಅಪಧಮನಿಯನ್ನು ಹೀಗೆ ಹಿಗ್ಗಿಸಿದರು. ಪಾದದ ಹುಣ್ಣು ಮಾಯಿತು, ಕಾಲು ಉಳಿಯಿತು. ಹೃದಯದ ನಾಳಕ್ಕೆ ಆಂಡ್ರಿಯಾಸ್ ಗ್ರುಂಟ್ಸಿಗ್ ಜೂರಿಕ್‌ನಲ್ಲಿ ಬಲೂನ್ ಬಳಸಿದ್ದು 13 ವರ್ಷಗಳ ಅನಂತರ, 1977ರಲ್ಲಿ.

ಮುಂದಿನ ಭೇಟಿಯಲ್ಲಿ ವೈದ್ಯರನ್ನು ಒಂದು ಪರೀಕ್ಷೆಯ ಬಗ್ಗೆ ಕೇಳಿ. ಕಣಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿ ಬರುವ ಸಂಖ್ಯೆ 0.9 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾಲಿನ ನಾಳ ಕಿರಿದಾಗಿದೆ ಎಂದು ತಿಳಿಯುತ್ತಾರೆ, 0.4ಕ್ಕಿಂತ ಕೆಳಗಿದ್ದರೆ ಕಾಯಿಲೆ ತೀವ್ರ. ಸೂಜಿಯಿಲ್ಲ, ನೋವಿಲ್ಲ, ಸ್ವಲ್ಪ ಹೊತ್ತಿನ ಕೆಲಸ. ಆದರೆ ಮಧುಮೇಹಿಗಳ ಕಣಕಾಲಿನ ನಾಳಗಳಲ್ಲಿ ಸುಣ್ಣ ಕಟ್ಟಿ ಗಡುಸಾಗಿರುವುದರಿಂದ ಒತ್ತಡದ ಪಟ್ಟಿ ಅವನ್ನು ಅದುಮಲಾರದೆ ಸಂಖ್ಯೆ ಸುಳ್ಳಾಗಿ ಹೆಚ್ಚು ಬರುತ್ತದೆ. 1.4ಕ್ಕಿಂತ ಮೇಲೆ ಬಂದರೆ ಅದು ಶುಭಸೂಚನೆಯಲ್ಲ. ಲಕ್ಷಣಗಳಿದ್ದೂ ಸಂಖ್ಯೆ ಸಹಜವೆಂದು ಬಂದರೆ ಅಷ್ಟಕ್ಕೇ ಬಿಡಬಾರದು. ಹೆಬ್ಬೆರಳಿನ ಸಣ್ಣ ನಾಳಗಳಿಗೆ ಈ ಸುಣ್ಣ ಅಷ್ಟಾಗಿ ತಟ್ಟುವುದಿಲ್ಲ, ಆದ್ದರಿಂದ ಅಲ್ಲಿನ ಒತ್ತಡ ಅಳೆಯಲು, ಜೊತೆಗೆ ಶಬ್ದತರಂಗಗಳಿಂದ ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಲು ಕೇಳಿಕೊಳ್ಳಿ. ಕಳೆದ ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ, ಎಲ್‌ಡಿಎಲ್ ಕೊಲೆಸ್ಟರಾಲ್, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ವರದಿಗಳನ್ನು ಕೊಂಡೊಯ್ಯಿರಿ. ತಂದೆ ಈಗ ನಿಲ್ಲದೆ ಎಷ್ಟು ದೂರ ನಡೆಯಬಲ್ಲರೆಂದು ಇವತ್ತೇ ಅಳೆದು ಬರೆದಿಟ್ಟುಕೊಳ್ಳಿ. 12 ವಾರದ ನಡಿಗೆಯ ನಂತರ ಚಿಕಿತ್ಸೆ ಬದಲಿಸಬೇಕೇ ಎಂದು ವೈದ್ಯರು ನಿರ್ಧರಿಸುವಾಗ ಆ ಅಳತೆ ಬೇಕಾಗುತ್ತದೆ.